ಬಾಳೆಯ ಕಂಕುಳಲ್ಲಿ, ಮರದ ಪೊಟರೆಯಲ್ಲಿ ಸೊಳ್ಳೆ: ಗಿಡ ಕಡಿಸಬೇಕೇ?

ಓದುಗರ ಪ್ರಶ್ನೆ: ಸಂಡೂರಿನಲ್ಲಿ ಗುಡ್ಡದ ಕಾಡಿಗೆ ಅಂಟಿಕೊಂಡೇ ನಮ್ಮ ಮನೆ ಇದೆ. ಹಿತ್ತಲಲ್ಲಿ ಬಾಳೆ, ಒಂದು ಬಿದಿರು ಮೆಳೆ, ಪೊಟರೆ ಬಿದ್ದ ಹಳೇ ಹುಣಸೆ ಮರ ಇವೆ. ಮಳೆ ಬಿದ್ದಾಗ ಇವುಗಳಲ್ಲಿ ನೀರು ನಿಂತು ಡೆಂಗಿ ಸೊಳ್ಳೆ ಹುಟ್ಟುತ್ತದೆ, ಎಲ್ಲ ಕಡಿಸಿಬಿಡಿ ಅಂತ ಅಕ್ಕಪಕ್ಕದವರು ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ: ಸೊಳ್ಳೆ ಹುಟ್ಟುವುದು ನಿಜ, ಕಡಿಸುವುದು ಬೇಡ. ಕೊಡಲಿ ಎತ್ತುವ ಮುಂಚೆ ಬಚ್ಚಲ ಪಕ್ಕದ ಡ್ರಮ್ಮಿನ ಮುಚ್ಚಳ ತೆಗೆದು ನೋಡಿ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಊರುಗಳಲ್ಲಿ ಡೆಂಗಿ ಹರಡುವುದರಲ್ಲಿ ಮೊದಲ ಸ್ಥಾನ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆಯದು, ಮತ್ತು ಅದು ಪಕ್ಕಾ ಮನೆವಾಸಿ. ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಕಡೆ ಸಿಮೆಂಟ್ ತೊಟ್ಟಿ, ಡ್ರಮ್ಮು, ಹರವಿ ತುಂಬಿಡದೆ ಗತಿಯಿಲ್ಲ. ಈ ಸೊಳ್ಳೆಗೆ ಬೇಕಾದದ್ದೂ ಅದೇ. ರಾಜ್ಯದ ಮೊದಲ ಜಿಕಾ ಪ್ರಕರಣ 2022ರ ಡಿಸೆಂಬರಿನಲ್ಲಿ ಪತ್ತೆಯಾದದ್ದು ರಾಯಚೂರು ಜಿಲ್ಲೆಯಲ್ಲಿ. ಆ ರೋಗವನ್ನು ಹರಡುವುದೂ ಈಡಿಸ್ ಕುಲದ ಸೊಳ್ಳೆಗಳೇ.

ಗಿಡದ ನೀರನ್ನು ಹುಡುಕಿಕೊಂಡು ಹೋಗುವುದು ಇದರ ಸೋದರ ಜಾತಿ, ಈಡಿಸ್ ಆಲ್ಬೊಪಿಕ್ಟಸ್. ಮೂಲತಃ ಆಗ್ನೇಯ ಏಷ್ಯಾದ ಕಾಡಿನದು. ಪೊಟರೆ, ಕಡಿದ ಬಿದಿರಿನ ಬೊಡ್ಡೆ, ಬಾಳೆ ಮತ್ತು ಕೆಸುವಿನ ಎಲೆಕಂಕುಳು (ಎಲೆಯ ದಂಟು ಕಾಂಡಕ್ಕೆ ಸೇರುವ ಸಂದು) ಅದರ ಹಳೆಯ ನೆಲೆ. ಟೈರು, ಎಳನೀರು ಬುರುಡೆ ಆಮೇಲೆ ಸಿಕ್ಕವು. ಡೆಂಗಿ, ಚಿಕುನ್‌ಗುನ್ಯಾ ಎರಡನ್ನೂ ಹರಡಬಲ್ಲದು. ಆದರೆ ಮನೆಯೊಳಗೆ ಮಂಚದ ಕೆಳಗೆ, ಗೂಟಕ್ಕೆ ತೂಗುಹಾಕಿದ ಬಟ್ಟೆಯ ಹಿಂದೆ ಅಡಗುವುದು ಈಜಿಪ್ಟೈ. ಆಲ್ಬೊಪಿಕ್ಟಸ್ ಹೆಚ್ಚಾಗಿ ಹೊರಗೆ ಪೊದೆಯ ನೆರಳಲ್ಲೇ ಕೂತು, ಹಿತ್ತಲಿಗೆ ಬಂದವರನ್ನು ಹಗಲಲ್ಲಿ ಕಚ್ಚುತ್ತದೆ. ಮನುಷ್ಯರಲ್ಲದೆ ದನ, ನಾಯಿಯ ರಕ್ತವೂ ಅದಕ್ಕೆ ಆಗುತ್ತದೆ. ಹಾಗಾಗಿ ಸೋಂಕನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವುದರಲ್ಲಿ ಅದು ಎರಡನೆಯದು. ಕೈಮೇಲೆ ಹೊಡೆದ ಸೊಳ್ಳೆ ಜಜ್ಜಿಹೋಗದಿದ್ದರೆ ಬೆನ್ನು ನೋಡಿ. ನಡುವೆ ಒಂದೇ ನೇರ ಬಿಳಿ ಗೆರೆ ಇದ್ದರೆ ಆಲ್ಬೊಪಿಕ್ಟಸ್. ಎರಡು ಬದಿಗೆ ಬಿಲ್ಲಿನಂತೆ ಬಾಗಿದ ಗೆರೆ ಇದ್ದರೆ ಈಜಿಪ್ಟೈ. ಗೆರೆಯ ಬದಲು ಜೋಡಿಜೋಡಿಯಾಗಿ ಆರು ಬಿಳಿ ಚುಕ್ಕೆ ಇದ್ದರೆ ಈಡಿಸ್ ವಿಟ್ಟೇಟಸ್, ಅದು ಬಂಡೆಯ ದೊಣೆಯಲ್ಲಿ ಹುಟ್ಟುವಂಥದು. ಬಳ್ಳಾರಿ ಗುಡ್ಡ, ಆನೆಗೊಂದಿ, ಕೊಪ್ಪಳ ಕೋಟೆಯಂಥ ಬಂಡೆಗುಡ್ಡದ ಬುಡದಲ್ಲಿ ಇರುವವರು ಪೊಟರೆಗಿಂತ ಈ ದೊಣೆಗಳ ಕಡೆ ಹೆಚ್ಚು ಗಮನ ಕೊಡಬೇಕು. ವರ್ಷವಿಡೀ ನೀರಿರುವ ದೊಡ್ಡ ದೊಣೆಯಲ್ಲಿ ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ಸೊಳ್ಳೆಮರಿಯನ್ನು ತಿನ್ನುತ್ತವೆ. ಕಾಟ ಇರುವುದು ಮಳೆ ನಿಂತಮೇಲೆ ಹತ್ತು ಹದಿನೈದು ದಿನ ಮಾತ್ರ ನೀರು ಹಿಡಿಯುವ, ಗುದ್ದಲಿ ಅಗಲದ ಸಣ್ಣ ಗುಳಿಗಳಲ್ಲಿ. ಮನೆಯ ಹತ್ತಿರ ಅಂಥವಿದ್ದರೆ ವಾರಕ್ಕೊಮ್ಮೆ ಕಸಬರಿಗೆಯಿಂದ ನೀರು ಹೊರಗೆ ಗುಡಿಸಿದರೆ ಸಾಕು.

ಇನ್ನು ಲೆಕ್ಕ. ಬಿಸಿಲ ನಾಡಿನ ಮಳೆಗಾಲದಲ್ಲಿ ಈಡಿಸ್ ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಬೇಕು. ತಣ್ಣಗೆ, ಕೊಳೆತ ಎಲೆ ಬಿಟ್ಟು ಬೇರೆ ಆಹಾರವಿಲ್ಲದ ಪೊಟರೆಯಲ್ಲಿ ಇನ್ನೂ ಹೆಚ್ಚು. ಬಾಳೆಯ ಒಂದು ಕಂಕುಳಲ್ಲಿ ನಿಲ್ಲುವುದು ಕೆಲವು ಚಮಚ ನೀರು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಅದೂ ಬಿಟ್ಟುಬಿಟ್ಟು ಬೀಳುವ ಈ ಕಡೆ ಎಷ್ಟೋ ಸಲ ಮರಿಗಳು ಬೆಳೆಯುವ ಮುಂಚೆಯೇ ಅದು ಒಣಗುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಹುಷಾರು ಬೇಕು. ಬೇಸಿಗೆಯಲ್ಲೂ ಕಂಕುಳಲ್ಲಿ ನೀರು ಕಂಡರೆ ಕಾರಣ ಮಳೆಯಲ್ಲ, ನೀವು ಬಿಡುವ ಸ್ಪ್ರಿಂಕ್ಲರ್ ಅಥವಾ ಮೇಲಿಂದ ಹಾಯಿಸುವ ಪೈಪು. ಹನಿ ನೀರಾವರಿಗೆ ಬದಲಾಯಿಸಿದರೆ, ಇಲ್ಲವೇ ಪೈಪನ್ನು ಬುಡಕ್ಕೇ ಇಟ್ಟರೆ ಅದು ತಾನೇ ನಿಲ್ಲುತ್ತದೆ.

ಈ ಗಿಡ ಕಡಿಯುವ ವಿಚಾರಕ್ಕೆ ಬೇರೆ ದೇಶದಲ್ಲಿ ಒಂದು ಇತಿಹಾಸವಿದೆ. ಬ್ರೆಜಿಲ್‌ನ ಕರಾವಳಿ ಕಾಡುಗಳಲ್ಲಿ ಬ್ರೊಮೇಲಿಯಡ್ ಎಂಬ ಗಿಡಗಳು ಮರದ ಕೊಂಬೆಯ ಮೇಲೇ ಬೆಳೆದು, ಎಲೆಗಳ ನಡುವೆ ಬಟ್ಟಲಿನಷ್ಟು ನೀರು ಹಿಡಿಯುತ್ತವೆ. ಆ ನೀರಲ್ಲೇ ಹುಟ್ಟುವ ಅನಾಫಿಲಿಸ್ ಕ್ರುಝಿ ಅಲ್ಲಿ ಮಲೇರಿಯಾ ಹರಡುತ್ತದೆ. 1940ರ ದಶಕದಲ್ಲಿ ದಕ್ಷಿಣ ಬ್ರೆಜಿಲ್‌ನಲ್ಲಿ ಊರ ಸುತ್ತಲಿನ ಈ ಗಿಡಗಳನ್ನು ಆಳು ಹಚ್ಚಿ ಕಿತ್ತರು, ಟ್ರಿನಿಡಾಡ್‌ನ ಕೋಕೋ ತೋಟಗಳಲ್ಲಿ ಮೈಲುತುತ್ತದ ದ್ರಾವಣ ಸಿಂಪಡಿಸಿದರು. ನಮ್ಮಲ್ಲಿ ಆ ಗಿಡ ಕಾಡಿನಲ್ಲಿ ಇಲ್ಲವೇ ಇಲ್ಲ. ಅದರ ನೆಂಟನೆಂದರೆ ಅನಾನಸ್, ಮತ್ತೆ ನರ್ಸರಿಯವರು ಕುಂಡದಲ್ಲಿ ಮಾರುವ ಬಣ್ಣದ ಜಾತಿಗಳು. ನಮ್ಮ ಮಲೇರಿಯಾ ಸೊಳ್ಳೆಗೆ ಕಾಲುವೆ, ಬಾವಿ, ತಾರಸಿಯ ಟ್ಯಾಂಕು ಬೇಕು. ತುಂಗಭದ್ರಾ ಎಡದಂಡೆ, ಬಲದಂಡೆಯ ಭತ್ತದ ಗದ್ದೆಗಳಲ್ಲಿ ಹುಟ್ಟಿ ಮೆದುಳು ಜ್ವರ ಹರಡುವ ಕ್ಯೂಲೆಕ್ಸ್‌ಗೂ ಪೊಟರೆಗೂ ಸಂಬಂಧವಿಲ್ಲ.

ಹಾಗಾದರೆ ಹಿತ್ತಲಲ್ಲಿ ಮಾಡಬೇಕಾದದ್ದೇನು? ಮೊದಲು ಮರಿ ಇದೆಯೋ ಇಲ್ಲವೋ ನೋಡಿಕೊಳ್ಳಿ. ಸೂಜಿ ತೆಗೆದ 20 ಮಿ.ಲೀ. ಸಿರಿಂಜಿಗೆ ಒಂದು ಗೇಣು ಸಲೈನ್ ನಳಿಕೆ ಸಿಕ್ಕಿಸಿ, ಕಂಕುಳ ತಳದಿಂದ ನೀರು ಎಳೆದು ಬಿಳಿ ತಟ್ಟೆಗೆ ಬಿಡಿ. ಎರಡು ನಿಮಿಷ ತಟ್ಟೆ ಅಲುಗಿಸದೆ ಕಾಯಿರಿ. ನೆರಳು ಬಿದ್ದ ತಕ್ಷಣ ಮರಿಗಳು ತಳಕ್ಕಿಳಿದು ಕಸದಲ್ಲಿ ಅವಿತುಕೊಳ್ಳುವುದರಿಂದ ಮೊದಲ ಸಲ ಏನೂ ಸಿಗದಿರಬಹುದು. ಅದೇ ಜಾಗಕ್ಕೆ ಹೊಸ ನೀರು ಜೋರಾಗಿ ಬಿಟ್ಟು ಕದಡಿ ಇನ್ನೊಮ್ಮೆ ಎಳೆಯಿರಿ. ತಲೆಕೆಳಗಾಗಿ ತೂಗಾಡುತ್ತ, ಮುಟ್ಟಿದರೆ ಹಾವಿನ ಹಾಗೆ ಬಳುಕಿ ಓಡುವುದು, ಬಾಲದ ಉಸಿರು ನಳಿಕೆ ಗಿಡ್ಡವಾಗಿ ದಪ್ಪವಾಗಿರುವುದು ಈಡಿಸ್. ಅವುಗಳ ನಡುವೆ ಕೆಂಪುಗಂದು ಬಣ್ಣದ ಧಡೂತಿ ಮರಿಯೊಂದು ಕಂಡರೆ ಅದನ್ನು ಕೊಲ್ಲಬೇಡಿ. ಅದು ಟಾಕ್ಸೊರಿಂಕೈಟಿಸ್ ಎಂಬ ದೈತ್ಯ ಸೊಳ್ಳೆಯದು. ಉಳಿದ ಮರಿಗಳನ್ನು ತಿಂದು ಬೆಳೆಯುತ್ತದೆ, ಸೊಳ್ಳೆಯಾದ ಮೇಲೆ ಮಕರಂದ ಹೀರುತ್ತದೆ, ರಕ್ತ ಮುಟ್ಟುವುದಿಲ್ಲ.

ಬಾಳೆ, ಕೆಸು, ಕತ್ತಾಳೆ, ಕುಂಡದ ಬ್ರೊಮೇಲಿಯಡ್‌ಗೆ ಐದಾರು ದಿನಕ್ಕೊಮ್ಮೆ ಪೈಪಿನ ಬಾಯಿಗೆ ಬೆರಳು ಒತ್ತಿ ರಭಸದ ನೀರು ಹೊಡೆಯಿರಿ. ಹಳೇ ನೀರು ಉಕ್ಕಿ ನೆಲಕ್ಕೆ ಬೀಳಬೇಕು, ಬಿದ್ದ ಮರಿ ಒಣಮಣ್ಣಿನಲ್ಲಿ ಸಾಯುತ್ತದೆ. ಮೆಲ್ಲಗೆ ತುಂಬಿಸಿದರೆ ಮರಿಗೆ ನೀವೇ ನೀರುಣಿಸಿದಂತೆ. ಒಣಗಿ ಜೋತ ಬಾಳೆ ಎಲೆಯನ್ನು ಬುಡದಲ್ಲೇ ಕೊಯ್ದು ತೆಗೆಯಿರಿ. ಗೊನೆ ಕಡಿದಮೇಲೆ ಬೊಡ್ಡೆಯನ್ನು ಓರೆಯಾಗಿ ಕತ್ತರಿಸಿ. ಸಪಾಟಾಗಿ ಕತ್ತರಿಸಿದರೆ ನಡುವಿನ ತಿರುಳು ಕೊಳೆತು ಗುಳಿಯಾಗಿ ನೀರು ಹಿಡಿಯುತ್ತದೆ. ಸೀಮೆಎಣ್ಣೆ, ಫಿನಾಯಿಲ್, ಉಪ್ಪು ಮಾತ್ರ ಸುಳಿಗೆ ಹಾಕಬೇಡಿ, ಸೊಳ್ಳೆಗಿಂತ ಮೊದಲು ಗಿಡ ಹೋಗುತ್ತದೆ.

ಬಿದಿರಿನ ವಿಷಯದಲ್ಲಿ ತಪ್ಪು ಆಗುವುದು ಕಡಿಯುವಾಗಲೇ. ಎರಡು ಗಿಣ್ಣುಗಳ ನಡುವೆ ಕಡಿದರೆ ಉಳಿದ ಬೊಡ್ಡೆ ಲೋಟವಾಗುತ್ತದೆ. ಗಿಣ್ಣಿಗೆ ತಾಗಿದಂತೆ, ಅದರ ಮೇಲೆಯೇ ಗರಗಸ ಇಟ್ಟರೆ ಒಳಗಿನ ಅಡ್ಡಪರದೆಯೇ ಮುಚ್ಚಳವಾಗುತ್ತದೆ. ಈಗಾಗಲೇ ಕಡಿದಿದ್ದರೆ ಬೊಡ್ಡೆಯನ್ನು ಮಚ್ಚಿನಿಂದ ಉದ್ದಕ್ಕೆ ಸೀಳಿಬಿಡಿ.

ಪೊಟರೆಗೆ ಬೇಕಾದದ್ದು ಒಣ ಮರಳು. ಮೊದಲು ಟಾರ್ಚ್ ಹಿಡಿದು ಒಳಗೆ ಹಕ್ಕಿ ಗೂಡು, ಜೇನು, ಹಾವು ಏನಾದರೂ ಇದೆಯೇ ನೋಡಿ, ಇದ್ದರೆ ಮುಟ್ಟಬೇಡಿ. ನೀರು, ಕೊಳೆತ ಎಲೆ ತೆಗೆದು ಬಾಯಿಯವರೆಗೆ ಮರಳು ತುಂಬಿ, ಮೇಲ್ಮೈ ಹೊರಗೆ ವಾಟವಾಗಿರಲಿ. ನೀರು ಮೇಲೆ ನಿಲ್ಲದಿದ್ದರೆ ಮರಿಗೆ ಈಜುವ ಜಾಗವಿಲ್ಲ. ಮಳೆಗೆ ಮರಳು ಕುಸಿಯುತ್ತದೆ, ತಿಂಗಳಿಗೊಮ್ಮೆ ಇನ್ನಷ್ಟು ಹಾಕಿ. ಸಿಮೆಂಟ್ ತುಂಬಿದರೆ ಮರ ಗಾಳಿಗೆ ತೂಗಿ ಸಿಮೆಂಟಿಗೂ ಕಟ್ಟಿಗೆಗೂ ನಡುವೆ ಬಿರುಕು ಬಿಡುತ್ತದೆ, ನೀರು ಅಲ್ಲಿಗಿಳಿಯುತ್ತದೆ, ಆಮೇಲೆ ಕೈಗೂ ಸಿಗುವುದಿಲ್ಲ. ನೀರಿಳಿಯಲಿ ಎಂದು ಕಾಂಡಕ್ಕೆ ತೂತು ಕೊರೆಯುವುದೂ ಬೇಡ, ಆ ಗಾಯದಿಂದ ಕೊಳೆ ಒಳಗಿಳಿಯುತ್ತದೆ.

ಇದೆಲ್ಲ ಮನೆಯಿಂದ 200 ಮೀಟರ್ ಒಳಗಿನ ಗಿಡಗಳಿಗೆ ಸಾಕು. ಈಡಿಸ್‌ಗಳು ಸಾಮಾನ್ಯವಾಗಿ ಹುಟ್ಟಿದ ಜಾಗ ಬಿಟ್ಟು ಬಹಳ ದೂರ ಹಾರುವುದಿಲ್ಲ. ಸಂಡೂರಿನ ಗುಡ್ಡದ ನಡುವಿನ ಪೊಟರೆಯಿಂದ ಸೊಳ್ಳೆ ನಿಮ್ಮ ಮನೆ ಹುಡುಕಿಕೊಂಡು ಬರುವುದಿಲ್ಲ. ಮೀಸಲು ಅರಣ್ಯದ ಮರ ಮುಟ್ಟಲು ಅನುಮತಿಯೂ ಬೇಕು. ಹೊಗೆ ಗಾಡಿ ತರಿಸಿ ಎನ್ನುವವರಿಗೆ ಒಂದು ಮಾತು: ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ನೀರೊಳಗಿನ ಮರಿಗೆ ತಾಗುವುದಿಲ್ಲ, ಬಯಲಲ್ಲಿ ಹೊಡೆದರೆ ಗಾಳಿಗೆ ಹೋಗುತ್ತದೆ.

ಡ್ರಮ್ಮಿನ ವಿಷಯಕ್ಕೆ ಮತ್ತೆ ಬರಬೇಕು. ಈಡಿಸ್ ಮೊಟ್ಟೆಯನ್ನು ನೀರೊಳಗೆ ಇಡುವುದಿಲ್ಲ, ನೀರಿನ ಮಟ್ಟದ ಸ್ವಲ್ಪ ಮೇಲೆ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಕಿದ ದಿನ ಒಡೆಯುತ್ತವೆ. ಅದಕ್ಕೇ ತೊಟ್ಟಿ ಖಾಲಿ ಮಾಡಿ ಮತ್ತೆ ತುಂಬಿದರೂ ವಾರದಲ್ಲಿ ಮರಿ ಕಾಣುತ್ತದೆ. ವಾರಕ್ಕೊಂದು ದಿನ ಗೊತ್ತು ಮಾಡಿ, ತಳಕ್ಕಿಂತ ಹೆಚ್ಚಾಗಿ ನೀರಿನ ಗೆರೆಯ ಮೇಲಿನ ನಾಲ್ಕು ಬೆರಳ ಪಟ್ಟಿಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಿ, ಬೆಳಗಿದ ನೀರನ್ನು ಮೋರಿಗಲ್ಲ, ಬಿಸಿಲು ಬೀಳುವ ನೆಲಕ್ಕೆ ಚೆಲ್ಲಿ. ತೊಳೆಯಲಾಗದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು. ದನದ ಬಾನಿಯನ್ನೂ ಮರೆಯಬೇಡಿ.