ಕಾರಿಗೆ ಮಳೆನೀರು ನುಗ್ಗಿದೆ: ಸ್ಟಾರ್ಟ್ ಮಾಡಿ ನೋಡಬಹುದೇ, ವಿಮೆ ಸಿಗುತ್ತದೆಯೇ?

ಓದುಗರ ಪ್ರಶ್ನೆ: ರಾತ್ರಿ ಮಳೆಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ತುಂಬಿ, ನಿಲ್ಲಿಸಿದ್ದ ಕಾರಿನ ಸೀಟಿನ ಮಟ್ಟದವರೆಗೂ ನೀರು ಬಂದಿತ್ತು. ಈಗ ನೀರು ಇಳಿದಿದೆ. ಕಾಂಪ್ರಹೆನ್ಸಿವ್ ಪಾಲಿಸಿ ಇದೆ. ಸ್ಟಾರ್ಟ್ ಮಾಡಿ ಮೆಲ್ಲಗೆ ಸರ್ವಿಸ್ ಸೆಂಟರ್‌ವರೆಗೆ ಓಡಿಸಬಹುದೇ? ಇಂಜಿನ್ ಕೆಟ್ಟಿದ್ದರೆ ವಿಮಾ ಕಂಪನಿ ಹಣ ಕೊಡುತ್ತದೆಯೇ?

ಉತ್ತರ: ಸ್ಟಾರ್ಟ್ ಮಾಡಬೇಡಿ. "ಒಂದೇ ಒಂದು ಸಲ ನೋಡೋಣ" ಎಂದೂ ಬೇಡ. ನಿಮ್ಮದು ಎರಡು ಪ್ರಶ್ನೆಗಳಂತೆ ಕಂಡರೂ ಒಂದಕ್ಕೊಂದು ಹೆಣೆದುಕೊಂಡಿವೆ. ಇಂಜಿನ್ನಿಗೆ ವಿಮೆ ಸಿಗುತ್ತದೋ ಇಲ್ಲವೋ ಎಂಬುದು ಬಹುಪಾಲು ನೀವು ಕೀ ತಿರುಗಿಸಿದಿರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಕಾರಣ ಇಂಜಿನ್ನಿನ ಒಳಗಿದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. 1200 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿನ ಪಾಲಿಗೆ 300 ಸಿಸಿ. ಕಂಪ್ರೆಷನ್ ಅನುಪಾತ (ಪಿಸ್ಟನ್ ತೀರಾ ಕೆಳಗಿದ್ದಾಗಿನ ಜಾಗಕ್ಕೂ ತೀರಾ ಮೇಲಿದ್ದಾಗಿನ ಜಾಗಕ್ಕೂ ಇರುವ ಅನುಪಾತ) 10:1 ಎಂದಿಟ್ಟುಕೊಂಡರೆ ಪಿಸ್ಟನ್ ತೀರಾ ಮೇಲಕ್ಕೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಸುಮಾರು 33 ಮಿಲಿಲೀಟರ್ ಮಾತ್ರ. ಅಂದರೆ ಎರಡು ದೊಡ್ಡ ಚಮಚಕ್ಕಿಂತ ಸ್ವಲ್ಪ ಹೆಚ್ಚು ನೀರು ಒಳಗಿದ್ದರೆ ಪಿಸ್ಟನ್ ಮೇಲೇರಲಾರದು. ಡೀಸೆಲ್ ಇಂಜಿನ್ನಿನಲ್ಲಿ ಈ ಜಾಗ ಇನ್ನೂ ಚಿಕ್ಕದು. 1500 ಸಿಸಿಯ ನಾಲ್ಕು ಸಿಲಿಂಡರ್, 16:1 ಅನುಪಾತ ಎಂದರೆ 25 ಮಿಲಿಲೀಟರ್. ಪಿಸ್ಟನ್ ಅಲ್ಲೇ ತಡೆದು ನಿಂತಾಗ ಉಳಿದ ಸಿಲಿಂಡರುಗಳ ಬಲ, ಫ್ಲೈವೀಲಿನ ವೇಗ ಎಲ್ಲವೂ ಆ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಒಂದು ಕನೆಕ್ಟಿಂಗ್ ರಾಡ್ ಮೇಲೆ ಬೀಳುತ್ತದೆ. ರಾಡ್ ಬಾಗುತ್ತದೆ. ವೇಗ ಹೆಚ್ಚಿದ್ದರೆ ಮುರಿದು ಇಂಜಿನ್ ಬ್ಲಾಕಿಗೇ ತೂತು ಮಾಡುತ್ತದೆ. ವರ್ಕ್‌ಶಾಪಿನವರು ಹೈಡ್ರೋಸ್ಟಾಟಿಕ್ ಲಾಕ್ ಎನ್ನುವುದು ಇದಕ್ಕೇ.

ಇಲ್ಲೊಂದು ಸೂಕ್ಷ್ಮವಿದೆ. ನಿಂತಿರುವ ಇಂಜಿನ್ನಿನೊಳಗೆ ನೀರು ಹೋದ ಮಾತ್ರಕ್ಕೆ ರಾಡ್ ಬಾಗದು. ಬಾಗಬೇಕಾದರೆ ಇಂಜಿನ್ ತಿರುಗುತ್ತಿರಬೇಕು. ಹಾಗಾಗಿ ಬೇಸ್‌ಮೆಂಟಿನಲ್ಲಿ ಮುಳುಗಿದ್ದ ಕಾರಿನ ಇಂಜಿನ್ ಬಿಚ್ಚಿದಾಗ ಬಾಗಿದ ರಾಡ್ ಕಂಡರೆ ಸರ್ವೇಯರ್‌ಗೆ (ಹಾನಿ ಅಂದಾಜಿಸಲು ವಿಮಾ ಕಂಪನಿ ಕಳಿಸುವವರು) ಬೇರೆ ಸಾಕ್ಷಿ ಬೇಕಿಲ್ಲ, ನೀರು ಹೊಕ್ಕ ಮೇಲೆ ಯಾರೋ ಕೀ ತಿರುಗಿಸಿದ್ದಾರೆ ಎಂಬುದು ಆ ಲೋಹದಲ್ಲೇ ಬರೆದಿರುತ್ತದೆ. ತಳ್ಳಿ ಸ್ಟಾರ್ಟ್ ಮಾಡಿದರೂ ಫಲ ಒಂದೇ.

ಸೀಟಿನ ಮಟ್ಟದ ನೀರು ಸಿಲಿಂಡರ್ ತಲುಪಿದೆಯೇ? ತಲುಪಿರದಿರಬಹುದು. ಬಹಳಷ್ಟು ಕಾರುಗಳಲ್ಲಿ ಗಾಳಿ ಎಳೆಯುವ ಕೊಳವೆಯ ಬಾಯಿ ರೇಡಿಯೇಟರಿನ ಮೇಲಂಚಿನ ಹತ್ತಿರ ಇರುತ್ತದೆ. ಆದರೆ ಸೈಲೆನ್ಸರ್ ಕೊಳವೆ ಕೆಳಗಿದೆ, ಗೇರ್‌ಬಾಕ್ಸಿನ ಉಸಿರುಗೊಳವೆಯೂ ಮುಳುಗಿರಬಹುದು. ಎರಡು ಪರೀಕ್ಷೆಗಳನ್ನು ನೀವೇ ಮಾಡಬಹುದು. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ತೆಗೆದು ಕಾಗದದ ಫಿಲ್ಟರ್ ನೋಡಿ. ಒದ್ದೆಯಾಗಿದ್ದರೆ, ಕೆಸರಿನ ಗೆರೆ ಇದ್ದರೆ ನೀರು ಒಳಗೆ ಹೋಗಿದೆ ಎಂದೇ ಲೆಕ್ಕ. ಆಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್‌ಗೆ ನೀರು ಸೇರಿದರೆ ಹಾಲು ಬೆರೆಸಿದ ಕಾಫಿ ಬಣ್ಣ ಬರುತ್ತದೆ ಎಂಬ ಮಾತು ನಿಜ, ಆದರೆ ಅದು ಇಂಜಿನ್ ಓಡಿ ಎರಡೂ ಕಡೆದುಕೊಂಡ ಮೇಲೆ. ನಿಂತ ಕಾರಿನಲ್ಲಿ ನೀರು ಸಂಪಿನ (ಇಂಜಿನ್ ಅಡಿಯ ಆಯಿಲ್ ತಟ್ಟೆಯ) ತಳಕ್ಕೆ ಇಳಿದು ಆಯಿಲ್ ಅದರ ಮೇಲೆ ತೇಲುತ್ತದೆ. ಆದ್ದರಿಂದ ಬಣ್ಣ ಚೆನ್ನಾಗಿಯೇ ಇದ್ದರೂ ಮಟ್ಟ ಗರಿಷ್ಠ ಗುರುತನ್ನು ದಾಟಿದೆಯೇ ಎಂಬುದನ್ನು ನೋಡಬೇಕು. ಇವೆರಡೂ ಸರಿಯಿದ್ದರೂ ಕೀ ತಿರುಗಿಸಲು ಅನುಮತಿ ಸಿಕ್ಕಿತು ಎಂದಲ್ಲ. ಕಾರ್ಪೆಟ್ಟಿನ ಅಡಿಯ ವೈರಿಂಗ್, ಸೀಟಿನ ಕೆಳಗಿನ ಕನೆಕ್ಟರುಗಳು, ಏರ್‌ಬ್ಯಾಗ್ ನಿಯಂತ್ರಕ ಎಲ್ಲವೂ ನೀರಿನಲ್ಲಿದ್ದವು. ಅವುಗಳಿಗೆ ವಿದ್ಯುತ್ ಹರಿಸಿದರೆ ಒಣಗಿಸಿ ಉಳಿಸಬಹುದಾಗಿದ್ದ ಭಾಗವೂ ಸುಡುತ್ತದೆ.

ಪಾಲಿಸಿ ಏನು ಹೇಳುತ್ತದೆ

ಭಾರತದ ಖಾಸಗಿ ಕಾರು ಪಾಲಿಸಿಯ ಸ್ವಂತ ಹಾನಿ (ನಿಮ್ಮದೇ ಕಾರಿಗಾದ ಹಾನಿ) ಭಾಗದಲ್ಲಿ ಪ್ರವಾಹ, ಚಂಡಮಾರುತ, ಜಲಾವೃತವಾಗುವುದು ಇವುಗಳಿಂದ ಆದ ಹಾನಿ ಸ್ಪಷ್ಟವಾಗಿ ಸೇರಿದೆ. ಹಾಗಾಗಿ ನೆನೆದ ಸೀಟು, ಕಾರ್ಪೆಟ್, ಕೆಟ್ಟ ಎಲೆಕ್ಟ್ರಾನಿಕ್ಸ್, ಇಂಜಿನ್ ಹೊರಗಿನ ಆಲ್ಟರ್ನೇಟರ್, ಸ್ಟಾರ್ಟರ್ ಇವುಗಳ ಕ್ಲೇಮ್‌ಗೆ ನೆಲೆ ಗಟ್ಟಿಯಾಗಿದೆ. ಅದೇ ಪಾಲಿಸಿಯ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಮೂರು ಮಾತುಗಳಿವೆ: ಪರಿಣಾಮವಾಗಿ ಉಂಟಾದ ನಷ್ಟ, ಸವೆತ, ಯಾಂತ್ರಿಕ ಅಥವಾ ವಿದ್ಯುತ್ ವೈಫಲ್ಯ. ಷರತ್ತುಗಳಲ್ಲಿ ಇನ್ನೊಂದಿದೆ. ಅಪಘಾತವಾದ ಅಥವಾ ವಾಹನ ಕೆಟ್ಟುನಿಂತ ನಂತರ ಅಗತ್ಯ ದುರಸ್ತಿಗೆ ಮೊದಲೇ ವಾಹನ ಓಡಿಸಿದರೆ, ಅದರಿಂದ ಹಿಗ್ಗಿದ ಹಾನಿ ಪೂರ್ತಿ ಮಾಲೀಕರ ಹೊಣೆ. ನೀರು ನುಗ್ಗಿದ್ದು ಪ್ರವಾಹದ ಹಾನಿ. ಆಮೇಲೆ ಸ್ಟಾರ್ಟ್ ಮಾಡಿ ರಾಡ್ ಬಾಗಿಸಿದ್ದು ನಿಮ್ಮ ಕೃತ್ಯದ ಪರಿಣಾಮ. ಕಂಪನಿಯ ನಿರಾಕರಣೆ ಪತ್ರ ಬರುವುದು ಈ ತರ್ಕದ ಮೇಲೆಯೇ.

ಈ ಕಂದರವನ್ನು ಮುಚ್ಚಲೆಂದೇ ಇಂಜಿನ್ ಪ್ರೊಟೆಕ್ಟ್ ಎಂಬ ಆಡ್‌ಆನ್, ಅಂದರೆ ಹೆಚ್ಚಿನ ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ, ಇದೆ. ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ನೀರು ಹೊಕ್ಕು ಇಂಜಿನ್, ಗೇರ್‌ಬಾಕ್ಸಿನ ಒಳಭಾಗಗಳಿಗೆ ಆದ ಹಾನಿಯನ್ನು ಇದು ಹೊರುತ್ತದೆ. ಆದರೆ ಇದನ್ನು ಕೊಂಡವರು ಎಡವುವುದು ಷರತ್ತಿನಲ್ಲಿ: ನೀರಿನಲ್ಲಿ ನಿಂತ ಮೇಲೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದ್ದರೆ ಹಲವು ಪಾಲಿಸಿಗಳಲ್ಲಿ ಆಡ್‌ಆನ್ ಇದ್ದೂ ಇಲ್ಲದಂತೆ. ಅವಧಿಯಲ್ಲಿ ಎಷ್ಟು ಕ್ಲೇಮ್, ಎಷ್ಟು ವರ್ಷದ ಕಾರಿಗೆ, ನೀರು ಇಳಿದ ಮೇಲೆ ಎಷ್ಟು ಹೊತ್ತಿನೊಳಗೆ ಸಾಗಿಸಬೇಕು ಎಂಬ ಮಿತಿಗಳೂ ಇರಬಹುದು. ಸಾಮಾನ್ಯವಾಗಿ ಇದನ್ನು ಪಾಲಿಸಿ ಕೊಳ್ಳುವಾಗ ಅಥವಾ ನವೀಕರಿಸುವಾಗಲೇ ಸೇರಿಸಬೇಕು. ಜುಲೈನಲ್ಲಿ ಬೀದಿಗೆ ನೀರು ಬಂದಾಗ ನೆನಪಾದರೆ ಹೊತ್ತು ಮೀರಿರುತ್ತದೆ.

ಆಡ್‌ಆನ್ ಮಾತಿಗೆ ಮೊದಲು ಇನ್ನೂ ಮೂಲಭೂತವಾದ ಒಂದನ್ನು ಖಚಿತಪಡಿಸಿಕೊಳ್ಳಿ: ನಿಮ್ಮ ಸ್ವಂತ ಹಾನಿ ವಿಮೆ ಈಗ ಜೀವಂತವಿದೆಯೇ? 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ಜೊತೆ ಕೊಡುವ ಸ್ವಂತ ಹಾನಿ ವಿಮೆ ಬಹಳಷ್ಟು ಪಾಲಿಸಿಗಳಲ್ಲಿ ಒಂದೇ ವರ್ಷದ್ದು. ಪತ್ರದ ಮೇಲೆ ಎರಡು ಕೊನೆಯ ದಿನಾಂಕಗಳಿರುತ್ತವೆ. ದೂರದ ದಿನಾಂಕ ನೋಡಿ "ಇನ್ನೂ ಎರಡು ವರ್ಷ ಇದೆ" ಎಂದುಕೊಂಡವರ ಕಾರು ಮುಳುಗಿದರೆ ಬಿಡಿಗಾಸೂ ಬಾರದು. ಥರ್ಡ್ ಪಾರ್ಟಿ ವಿಮೆ ಇರುವುದು ನಿಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಗೆ.

ಮೊದಲ ದಿನದ ಕೆಲಸ

ಬೇಸ್‌ಮೆಂಟಿನಲ್ಲಿ ನೀರು ಇನ್ನೂ ಇದ್ದರೆ, ಕಟ್ಟಡದ ವಿದ್ಯುತ್ ಸಂಪರ್ಕ ಕಡಿಸುವವರೆಗೆ ಇಳಿಯಲೇಬೇಡಿ. ಇಳಿದ ಮೇಲೆ ಮೊದಲು ಮೊಬೈಲ್ ಕೆಲಸ. ನಂಬರ್ ಪ್ಲೇಟ್ ಕಾಣುವಂತೆ ನಾಲ್ಕೂ ಬದಿ, ಬಾಗಿಲಿನ ಮೇಲೆ ನೀರು ಬಿಟ್ಟ ಕೆಸರಿನ ಗೆರೆ, ಗೋಡೆಯ ಮೇಲಿನ ಗೆರೆ, ಒಳಗೆ ಸೀಟು ಮತ್ತು ಡ್ಯಾಶ್‌ಬೋರ್ಡ್, ಏರ್ ಫಿಲ್ಟರ್, ಡಿಪ್‌ಸ್ಟಿಕ್ ಇವುಗಳ ಫೋಟೋ ತೆಗೆಯಿರಿ. ಒರೆಸುವುದು, ತೊಳೆಯುವುದು ಅದಾದ ಮೇಲೆ. ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಆ ಕೆಸರಿನ ಗೆರೆಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬಳಿಕ ಬ್ಯಾಟರಿಯ ಮೈನಸ್ ತುದಿ ಬಿಚ್ಚಿ. ಹೆಚ್ಚಿನ ಕಾರುಗಳಲ್ಲಿ 10 ಎಂಎಂ ಸ್ಪ್ಯಾನರ್ ಸಾಕು. ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಾದರೆ ಇದನ್ನೂ ಮಾಡಬೇಡಿ. ಚಾರ್ಜಿಂಗ್‌ಗೆ ಹಾಕದೆ, ಸಾಧ್ಯವಾದರೆ ಬೇರೆ ವಾಹನಗಳಿಂದ ದೂರವಿಟ್ಟು ತಯಾರಕರ ಸಿಬ್ಬಂದಿಗೆ ಬಿಡಿ. ನೆನೆದ ಬ್ಯಾಟರಿ ಪ್ಯಾಕ್ ಗಂಟೆಗಳ, ದಿನಗಳ ನಂತರವೂ ಹೊತ್ತಿಕೊಳ್ಳಬಲ್ಲದು.

ವಿಮಾ ಕಂಪನಿಗೆ ಅಂದೇ ತಿಳಿಸಿ ಕ್ಲೇಮ್ ಸಂಖ್ಯೆ ಪಡೆಯಿರಿ. "ಗಾಡಿ ಸ್ಟಾರ್ಟ್ ಆಗ್ತಿಲ್ಲ" ಎಂದು ಹೇಳಬೇಡಿ, ಆ ಒಂದು ವಾಕ್ಯ ನೀವು ಪ್ರಯತ್ನಿಸಿದಿರಿ ಎಂದು ದಾಖಲಾಗುತ್ತದೆ. ನಡೆದದ್ದನ್ನಷ್ಟೇ ಹೇಳಿ: ನಿಲ್ಲಿಸಿದ್ದ ಕಾರು, ಇಷ್ಟು ಎತ್ತರ ನೀರು, ಸ್ಟಾರ್ಟ್ ಮಾಡಿಲ್ಲ. ಈಗಾಗಲೇ ಮಾಡಿಬಿಟ್ಟಿದ್ದರೆ ಸುಳ್ಳು ಹೇಳಲೂ ಹೋಗಬೇಡಿ. ಸುಳ್ಳು ಸಿಕ್ಕಿಬಿದ್ದರೆ ಸೀಟು, ವೈರಿಂಗ್‌ಗೆ ಸಿಗಬೇಕಾದ ಹಣವೂ ಕೈತಪ್ಪಬಹುದು.

ಸಾಗಿಸುವುದು ಫ್ಲಾಟ್‌ಬೆಡ್ (ಇಡೀ ಕಾರನ್ನು ಮೇಲೇರಿಸಿಕೊಳ್ಳುವ ಲಾರಿ) ಮೇಲೆಯೇ. ಹಗ್ಗ ಕಟ್ಟಿ ಎಳೆಯುವಾಗ ಮ್ಯಾನುಯಲ್ ಕಾರು ಅಕಸ್ಮಾತ್ ಗೇರಿನಲ್ಲಿದ್ದರೆ ಚಕ್ರದ ಜೊತೆ ಇಂಜಿನ್ನೂ ತಿರುಗುತ್ತದೆ. ಆಟೋಮ್ಯಾಟಿಕ್ ಆದರೆ ಗೇರ್‌ಬಾಕ್ಸೇ ಹಾಳಾಗುತ್ತದೆ. ಮೂಲ ಪಾಲಿಸಿಯಲ್ಲಿ ಸಾಗಾಟಕ್ಕೆ 1,500 ರೂಪಾಯಿವರೆಗೆ ಅವಕಾಶವಿದೆ. ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಅದನ್ನೇ ಬಳಸಿ.

ಸರ್ವೇಯರ್ ನೋಡುವ ಮೊದಲು ಇಂಜಿನ್ ಬಿಚ್ಚಿಸಬಾರದು, ನಿಜ. ಹಾಗೆಂದು ನೆನೆದ ಕಾರ್ಪೆಟ್ ಒಂದು ವಾರ ಕೊಳೆಯಲಿ ಎಂದಲ್ಲ. ವಾಹನವನ್ನು ಕಾಪಾಡಲು ಸಮಂಜಸ ಕ್ರಮ ಕೈಗೊಳ್ಳುವುದು ಪಾಲಿಸಿಯೇ ನಿಮ್ಮ ಮೇಲೆ ಹೊರಿಸಿರುವ ಕರ್ತವ್ಯ. ಸೀಟು, ಕಾರ್ಪೆಟ್ ಹೊರತೆಗೆದು ಒಣಗಿಸುವುದಾಗಿ ಇಮೇಲ್ ಕಳಿಸಿ, ಫೋಟೋ ಇಟ್ಟುಕೊಂಡು ಶುರುಮಾಡಿಸಿ. ಇಂಜಿನ್ ವಿಷಯದಲ್ಲಿ ಸರಿಯಾದ ಕ್ರಮ ಹೀಗೆ: ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೆಗೆದು, ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಇಂಜಿನ್ನನ್ನು ಕೈಯಿಂದಲೇ ತಿರುಗಿಸುವುದು. ನೀರಿದ್ದರೆ ಆ ತೂತುಗಳಿಂದ ಚಿಮ್ಮಿ ಬರುತ್ತದೆ. ನಂತರ ಹಳೆ ಆಯಿಲ್ ಬಸಿದು, ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿ, ಸ್ವಲ್ಪ ಹೊತ್ತು ಓಡಿಸಿ, ಅದನ್ನೂ ಬಸಿದು ಮತ್ತೆ ಹೊಸದು ತುಂಬಬೇಕು. ಒಂದೇ ಸಲಕ್ಕೆ ಮುಗಿಸುವ ವರ್ಕ್‌ಶಾಪಿಗೆ ಎರಡನೆಯದನ್ನು ಕೇಳಿ ಮಾಡಿಸಿ.

ಕೈಗೆ ಬರುವ ಹಣ

ಕ್ಲೇಮ್ ಒಪ್ಪಿದರೂ ಪೂರ್ತಿ ಬಿಲ್ ಬರುವುದಿಲ್ಲ. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗ, ಬ್ಯಾಟರಿ, ಏರ್‌ಬ್ಯಾಗ್ ಇವುಗಳಿಗೆ 50% ಸವಕಳಿ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಪ್ರಕಾರ: ಎರಡರಿಂದ ಮೂರು ವರ್ಷದ ಕಾರಿಗೆ 15%, ನಾಲ್ಕರಿಂದ ಐದು ವರ್ಷದ್ದಕ್ಕೆ 35%. ಮುಳುಗಿದ ಕಾರಿನ ಬಿಲ್ಲಿನಲ್ಲಿ ಪ್ಲಾಸ್ಟಿಕ್, ರಬ್ಬರ್ ಬಾಬತ್ತೇ ಜಾಸ್ತಿ ಇರುವುದರಿಂದ ಈ ಸವಕಳಿ ಕಳೆಯದ ಜೀರೋ ಡೆಪ್ರಿಸಿಯೇಷನ್ ಆಡ್‌ಆನ್‌ನ ಬೆಲೆ ತಿಳಿಯುವುದು ಇಲ್ಲೇ. ಆಯಿಲ್, ಕೂಲಂಟ್, ಎಸಿ ಗ್ಯಾಸ್‌ಗೆ ಕನ್ಸ್ಯೂಮಬಲ್ಸ್ ಆಡ್‌ಆನ್ ಬೇರೆ ಬೇಕು. ಕಡ್ಡಾಯ ಕಡಿತ (ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕಾದ ಮೊತ್ತ) 1500 ಸಿಸಿವರೆಗೆ 1,000, ಮೇಲಿನದಕ್ಕೆ 2,000 ರೂಪಾಯಿ.

ದುರಸ್ತಿ ವೆಚ್ಚ ಐಡಿವಿಯ (ಪಾಲಿಸಿಯಲ್ಲಿ ನಮೂದಿಸಿದ ಕಾರಿನ ಮೌಲ್ಯ) 75% ದಾಟಿದರೆ ಅದು ಟೋಟಲ್ ಲಾಸ್, ಅಂದರೆ ದುರಸ್ತಿಯ ಬದಲು ಐಡಿವಿಯ ಲೆಕ್ಕದಲ್ಲಿ ಪರಿಹಾರ. ಐಡಿವಿ 6 ಲಕ್ಷವಾದರೆ ಗಡಿ ನಾಲ್ಕೂವರೆ ಲಕ್ಷ. ಡ್ಯಾಶ್‌ಬೋರ್ಡ್ ಮುಳುಗಿದ ಕಾರು ಈ ಗಡಿ ದಾಟುವುದು ಸುಲಭ. ಪ್ರೀಮಿಯಂ ಉಳಿಸಲು ಐಡಿವಿ ತಗ್ಗಿಸಿಕೊಂಡವರಿಗೆ ಪೆಟ್ಟು ಬೀಳುವುದು ಆಗಲೇ. ಕಾರಿನ ಮೇಲೆ ಸಾಲವಿದ್ದರೆ ಹಣ ಮೊದಲು ಬ್ಯಾಂಕಿನ ಬಾಕಿಗೆ ಹೋಗುತ್ತದೆ. ಇನ್ನು ನೀರು ಕಾರ್ಪೆಟ್ಟಿಗಷ್ಟೇ ತಾಗಿ ಕೆಲವೇ ಸಾವಿರದಲ್ಲಿ ಮುಗಿಯುವಂತಿದ್ದರೆ ಕ್ಲೇಮ್ ಮಾಡದಿರುವುದೇ ಲಾಭ: ಐದು ವರ್ಷ ಕಾಯ್ದುಕೊಂಡ 50% ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಒಂದು ಕ್ಲೇಮಿಗೆ ಸೊನ್ನೆಗೆ ಇಳಿಯುತ್ತದೆ.

ಇಂಜಿನ್ ಭಾಗ ನಿರಾಕರಿಸಿದರೆ ಯಾವ ಷರತ್ತಿನಡಿ ಎಂದು ಲಿಖಿತವಾಗಿ ಕೇಳಿ, ಸರ್ವೆ ವರದಿಯ ಪ್ರತಿ ತೆಗೆದುಕೊಳ್ಳಿ. ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ಕೊಟ್ಟು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಬೆಂಗಳೂರಿನಲ್ಲಿ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ನಿರಾಕರಣೆಯಾದ ಒಂದು ವರ್ಷದೊಳಗೆ ಹೋಗಬೇಕು.

ಓಡುತ್ತಿರುವಾಗಲೇ ನೀರು ಸಿಕ್ಕರೆ

ಚಕ್ರದ ನಡುಮಟ್ಟ ಮೀರಿದ ನೀರಿಗೆ ಇಳಿಯಬೇಡಿ. ಅದಕ್ಕಿಂತ ಕಡಿಮೆಯಿದ್ದರೆ ಮೊದಲ ಗೇರಿನಲ್ಲಿ, ಗೇರ್ ಬದಲಿಸದೆ, ನಿಧಾನ. ಎದುರಿಂದ ಬಸ್ಸೋ ಲಾರಿಯೋ ಬರುತ್ತಿದ್ದರೆ ಅದು ದಾಟುವವರೆಗೆ ಕಾಯಿರಿ. ಅದು ಎಬ್ಬಿಸುವ ಅಲೆ ಬಾನೆಟ್ಟಿನ ಎತ್ತರದ ಗಾಳಿಕೊಳವೆಗೂ ನೀರು ಎರಚುತ್ತದೆ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ನಾಲ್ಕಾರು ಸಲ ಒತ್ತಿ ಒಣಗಿಸಿ. ನಡುವೆ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡದೆ ಅಲ್ಲಿಗೆ ಬಿಟ್ಟುಬಿಡಿ.

ಅಂಡರ್‌ಪಾಸ್ ಮಾತ್ರ ಬೇರೆಯೇ ಲೆಕ್ಕ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅಂಥ ಕಡೆ ಆಳ ಮೇಲಿನಿಂದ ತಿಳಿಯದು, ನೀರು ನಿಮಿಷಗಳಲ್ಲಿ ಏರುತ್ತದೆ. ಸಿಕ್ಕಿಕೊಂಡರೆ ಬೆಲ್ಟ್ ಬಿಚ್ಚಿ, ಪವರ್ ವಿಂಡೋ ಇನ್ನೂ ಕೆಲಸ ಮಾಡುತ್ತಿರುವಾಗಲೇ ಗಾಜು ಇಳಿಸಿ ಹೊರಬನ್ನಿ. ನೀರಿನ ಒತ್ತಡಕ್ಕೆ ಬಾಗಿಲು ತೆರೆಯದು. ಗಾಜು ಒಡೆಯಬೇಕಾದರೆ ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಬೇಕು; ಮುಂದಿನ ಗಾಜು ಪದರಗಳದ್ದು, ಬಿರುಕು ಬಿಟ್ಟರೂ ದಾರಿ ಕೊಡದು.

ಮತ್ತೆ ನಿಮ್ಮ ಕಾರಿಗೆ ಬಂದರೆ, ದುರಸ್ತಿ ಮುಗಿಯಿತೆಂದು ಫೋನ್ ಬಂದ ದಿನ ತೃಪ್ತಿಪತ್ರಕ್ಕೆ ಅವಸರದಲ್ಲಿ ಸಹಿ ಹಾಕಬೇಡಿ. ನಾಲ್ಕೂ ಕಿಟಕಿ, ಎಸಿಯ ಎಲ್ಲ ವೇಗ, ರಿವರ್ಸ್ ಕ್ಯಾಮೆರಾ, ಸೆಂಟ್ರಲ್ ಲಾಕ್ ನೋಡಿ. ಏರ್‌ಬ್ಯಾಗ್ ದೀಪ ಇಗ್ನಿಷನ್ ಹಾಕಿದಾಗ ಹೊತ್ತಿ ಕೆಲವು ಕ್ಷಣದಲ್ಲಿ ಆರುತ್ತದೆಯೇ ಗಮನಿಸಿ. ಹೊತ್ತಲೇ ಇಲ್ಲವೆಂದರೂ ದೋಷವೇ. ಕನೆಕ್ಟರುಗಳ ಒಳಗಿನ ಹಸಿರು ಕಿಲುಬು, ಚಕ್ರದ ಬೇರಿಂಗಿನ ಗುಂಯ್‌ಗುಡುವಿಕೆ ಎರಡು ಮೂರು ತಿಂಗಳ ಮೇಲೆ ತಲೆ ಎತ್ತುವುದುಂಟು. ಜಾಬ್ ಕಾರ್ಡ್, ಬದಲಿಸಿದ ಭಾಗಗಳ ಪಟ್ಟಿ, ಮೊದಲ ದಿನದ ಫೋಟೋಗಳನ್ನು ಅಲ್ಲಿಯವರೆಗಾದರೂ ಅಳಿಸದೆ ಇಟ್ಟುಕೊಳ್ಳಿ.