ತಾಳ ಬಲಗೈಯಲ್ಲಿದೆ, ಬಲಗಾಲಲ್ಲಲ್ಲ

ಜಾಝ್ ಡ್ರಮ್ಸ್ ಕಲಿಯೋಕೆ ಬರುವವರ ಕೈಗೆ ಸ್ಟಿಕ್ ಕೊಟ್ಟರೆ ಸಾಕು, ಬಲಗಾಲು ಪೆಡಲ್ ಒತ್ತಿ ಬಾಸ್ ಡ್ರಮ್ (ನೆಲದ ಮೇಲಿರುವ ದೊಡ್ಡ ಡ್ರಮ್) ಕುಟ್ಟಲು ಶುರು ಮಾಡುತ್ತದೆ. ಧಮ್, ಧಮ್, ಧಮ್, ಧಮ್. ಬೇಡ ಅಂದರೆ, 'ಮತ್ತೆ ತಾಳ ತಪ್ಪುತ್ತಲ್ವಾ ಸರ್?' ಅನ್ನುತ್ತಾರೆ. ತಪ್ಪುವುದಿಲ್ಲ. ಜಾಝ್‌ನಲ್ಲಿ ತಾಳ ಹಿಡಿಯುವುದು ಬಲಗೈ, ರೈಡ್ ಸಿಂಬಲ್ ಎಂಬ ದೊಡ್ಡ ಲೋಹದ ತಟ್ಟೆಯ ಮೇಲೆ. ಇದನ್ನೇ ಪ್ರತಿ ವಾರ ಹೇಳುತ್ತೇನೆ. ಪ್ರತಿ ವಾರ ಅದೇ ಧಮ್ ಧಮ್.

ಜಾಝ್ ಡ್ರಮ್ಮರ್ ಕೆನ್ನಿ ಕ್ಲಾರ್ಕ್ ಬಗ್ಗೆ ಗೊತ್ತಿದ್ದರೆ ಹೀಗೆ ಕುಟ್ಟುವುದಿಲ್ಲ. 1914ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಇವರು 1930ರ ದಶಕದ ಕೊನೆಯಲ್ಲಿ ಟೆಡ್ಡಿ ಹಿಲ್ ಅವರ ಬ್ಯಾಂಡ್‌ನಲ್ಲಿದ್ದರು. ಆಗ ಕುಣಿಯುವವರಿಗಾಗಿ ತಾಳದ ನಾಲ್ಕೂ ಏಟನ್ನು ಬಾಸ್ ಡ್ರಮ್‌ನಲ್ಲಿ ಹೊಡೆಯಬೇಕಿತ್ತು. ವೇಗ ಜಾಸ್ತಿಯಾದರೆ ಕಾಲು ಸೋಲುತ್ತಿತ್ತು. ಕ್ಲಾರ್ಕ್ ತಾಳವನ್ನು ಸಿಂಬಲ್‌ಗೆ ವಹಿಸಿದರು. ಬಿಡುವಾದ ಕಾಲಿನಿಂದ, ಯಾರೂ ಎಣಿಸದ ಜಾಗದಲ್ಲಿ ಒಂದೊಂದು ಏಟು ಕೊಟ್ಟರು. ಅದಕ್ಕೆ ಬಾಂಬ್ ಅಂತಲೇ ಹೆಸರು ಬಿತ್ತು. ಬ್ಯಾಂಡ್‌ನವರಿಗೆ ಇದು ಹಿಡಿಸಲಿಲ್ಲ. ಹಿಲ್ ಕ್ಲಾರ್ಕ್‌ರನ್ನು ತೆಗೆದುಹಾಕಿದರು.

ಆಮೇಲಿನದು ನನಗೆ ಬಹಳ ಇಷ್ಟ. 1940ರ ಸುಮಾರಿಗೆ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿದ್ದ ಮಿಂಟನ್ಸ್ ಪ್ಲೇಹೌಸ್ ಎಂಬ ಜಾಝ್ ಕ್ಲಬ್ ನೋಡಿಕೊಳ್ಳುವ ಕೆಲಸ ಸಿಕ್ಕಾಗ, ಅದೇ ಹಿಲ್ ಅದೇ ಕ್ಲಾರ್ಕ್‌ಗೆ ಕರೆ ಕಳಿಸಿದರು! ಪಿಯಾನೊದಲ್ಲಿ ಥೆಲೋನಿಯಸ್ ಮಂಕ್. ಬೀಬಾಪ್ ಎಂಬ ಹೊಸ ಜಾಝ್ ಶೈಲಿ ಬೆಳೆದ ಜಾಗಗಳಲ್ಲಿ ಅದೂ ಒಂದು. ಕ್ಲಾರ್ಕ್ 1956ರಲ್ಲಿ ಪ್ಯಾರಿಸ್‌ಗೆ ಹೋದರು, 1985ರಲ್ಲಿ ತೀರಿಕೊಳ್ಳುವವರೆಗೂ ಫ್ರಾನ್ಸ್‌ನಲ್ಲೇ ಉಳಿದರು.

ಕಾಲು ಎತ್ತಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ನಾಲ್ಕೂ ಏಟನ್ನು ಕೇಳಿಸಿಯೂ ಕೇಳಿಸದ ಹಾಗೆ ಮೆತ್ತಗೆ ನುಡಿಸುವ ಕ್ರಮವಿದೆ, ದೊಡ್ಡ ಬ್ಯಾಂಡ್‌ನಲ್ಲಿ ಅದು ಬೇಕಾಗುತ್ತದೆ. ನಿಮ್ಮ ಗುರುಗಳು ಹಾಗೆ ಕಲಿಸಿದ್ದರೆ ಹಾಗೇ ಮಾಡಿ. ಆದರೆ ಮೆತ್ತಗೆ ಬರುವವರೆಗೂ ಪೆಡಲ್ ಬೇಡ.

ಆಫೀಸ್ ಮುಗಿಸಿ ಬರುವ ಹುಡುಗನೊಬ್ಬನಿಗೆ ಬಲಗಾಲನ್ನು ನೆಲದ ಮೇಲಿಡಿಸಿದೆ. ಸ್ಟಿಕ್ ತುದಿ ಸಿಂಬಲ್ ಮೇಲೆ: ಟಿಂಗ್, ಟಿಂಗ್-ಕ, ಟಿಂಗ್, ಟಿಂಗ್-ಕ. ಎರಡು ಮತ್ತು ನಾಲ್ಕನೇ ಏಟಿಗೆ ಎಡಗಾಲಲ್ಲಿ ಹೈಹ್ಯಾಟ್, ಅಂದರೆ ಕಾಲಿನಿಂದ ಮುಚ್ಚುವ ಜೋಡಿ ಸಿಂಬಲ್. ಮೊದಲು ತಾಳ ಓಡಿಸಿದ. ಸ್ಟಿಕ್ ಬಿಗಿಯಾಗಿ ಹಿಡಿದಿದ್ದ, ಸಡಿಲಿಸಿದೆ. ಸ್ಟಿಕ್ ತಾನೇ ಪುಟಿಯಲು ಬಿಟ್ಟಾಗ ವೇಗ ಹದಕ್ಕೆ ಬಂತು. ಆಮೇಲೆ, 'ಸರ್, ಬಾಸ್ ನುಡಿಸೋದು ಈಗ ಕೇಳಿಸ್ತಿದೆ' ಅಂದ. ಕೇಳಿಸದೆ ಏನು? ಬಾಸ್ ವಾದಕ (ಡ್ರಮ್ ಅಲ್ಲ, ಮಂದ್ರ ಸ್ವರದ ತಂತಿವಾದ್ಯ) ಆ ನಾಲ್ಕು ಏಟಲ್ಲೂ ಒಂದೊಂದು ಸ್ವರ ಇಡುತ್ತಾನೆ. ಇಷ್ಟು ದಿನ ಅದನ್ನು ಮುಚ್ಚಿಹಾಕಿದ್ದು ಇವನ ಧಮ್ ಧಮ್.