ಕಣ್ಣಿಗೂ ಗಾಳಿಗೂ ನಡುವೆ ಎರಡು ಮಿಲಿಮೀಟರ್

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಮೋಟಾರ್‌ಸೈಕಲ್ ಒಂದು ಸೆಕೆಂಡಿಗೆ 22 ಮೀಟರಿಗೂ ತುಸು ಹೆಚ್ಚು ದೂರ ಸಾಗುತ್ತದೆ. ಕಣ್ಣಿನತ್ತ ಏನೋ ಹಾರಿ ಬರುತ್ತಿರುವುದು ಮಿದುಳಿಗೆ ತಿಳಿದು, ರೆಪ್ಪೆ ಪೂರ್ತಿಯಾಗಿ ಮುಚ್ಚಿಕೊಳ್ಳಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ಕಾಲ ಬೇಕು. ಅಷ್ಟರೊಳಗೆ ಸವಾರರು ಎರಡು ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತಾರೆ. ರಸ್ತೆಯ ಮೇಲೆ ದೃಷ್ಟಿ ನೆಟ್ಟವರಿಗೆ ಕಡಲೆಕಾಳಿನಷ್ಟಿರುವ ಜೀರುಂಡೆಯೊಂದು ಆ ಎರಡು ಮೀಟರಿಗೆ ಮೊದಲೇ ಗಮನಕ್ಕೆ ಬರುವುದು ಅಪರೂಪ. ನಡಿಗೆಯ ಮತ್ತು ಓಟದ ವೇಗಕ್ಕೆ ತಕ್ಕಂತೆ ವಿಕಾಸಗೊಂಡ ರೆಪ್ಪೆಯ ಮೇಲೆ ಎಂಜಿನ್ನಿನ ವೇಗವನ್ನು ಸಂಭಾಳಿಸುವ ಹೊಣೆಯನ್ನೂ ಹೊರಿಸುವುದು ನ್ಯಾಯವಲ್ಲ.

ಹೆಲ್ಮೆಟ್ಟಿನ ಕುರಿತ ನಮ್ಮ ಮಾತುಕತೆ ಬಹುಪಾಲು ತಲೆಬುರುಡೆಯ ಸುತ್ತಲೇ ಮುಗಿದುಹೋಗುತ್ತದೆ. ಅದರ ಗಟ್ಟಿ ಚಿಪ್ಪು ಮತ್ತು ಒಳಗಿನ ಫೋಮ್ ಪದರಕ್ಕೆ ಒಬ್ಬ ವ್ಯಕ್ತಿಯ ಇಡೀ ಬದುಕಿನಲ್ಲಿ ಒಮ್ಮೆ ಕೆಲಸ ಬೀಳಬಹುದು, ಬೀಳದೆಯೂ ಇರಬಹುದು. ಮುಖದ ಮುಂದಿರುವ ಪಾರದರ್ಶಕ ವೈಸರ್ ಮಾತ್ರ ಸವಾರಿಯ ಪ್ರತಿ ಕ್ಷಣವೂ ದುಡಿಯುತ್ತಿರುತ್ತದೆ. ಅದಕ್ಕೆ ಒಂದಕ್ಕೊಂದು ಎದುರಾದ ಎರಡು ಕರ್ತವ್ಯಗಳಿವೆ: ಗಾಳಿ, ದೂಳು, ಕಲ್ಲು, ಹುಳುಗಳನ್ನು ತಡೆಯಬೇಕು, ಬೆಳಕನ್ನು ಮಾತ್ರ ಕಿಂಚಿತ್ತೂ ಕೆಡಿಸದೆ ಒಳಬಿಡಬೇಕು. ಮೊದಲನೆಯ ಕರ್ತವ್ಯ ಎಲ್ಲರ ಕಣ್ಣಿಗೆ ಬೀಳುತ್ತದೆ. ಎರಡನೆಯದನ್ನು ನಾವು ಬಹಳ ಹಗುರವಾಗಿ ಕಾಣುತ್ತೇವೆ ಎಂಬುದು ನನ್ನ ಅನಿಸಿಕೆ. ವೈಸರ್ ಎಂಬುದು ಸವಾರಿಯ ಹೊತ್ತಿನಲ್ಲಿ ಕಣ್ಣಿನದೇ ಇನ್ನೊಂದು ಮಸೂರವೆಂದು ಭಾವಿಸಿದರೆ ಅದನ್ನು ಆರಿಸುವ, ತೊಳೆಯುವ, ಬದಲಿಸುವ ರೀತಿಯೇ ಬೇರೆಯಾಗುತ್ತದೆ.

ಆ ಪದರದ ಹಿಂದೆ ಕಾಪಾಡಿಕೊಳ್ಳಬೇಕಾದದ್ದು ಏನು ಎಂಬುದನ್ನು ಮೊದಲು ನೋಡೋಣ. ಕಣ್ಣಿನ ಮುಂಭಾಗದಲ್ಲಿರುವ ಪಾರದರ್ಶಕ ಪೊರೆಯಾದ ಕಾರ್ನಿಯಾದ ದಪ್ಪ ನಡುಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಬೆಳಕನ್ನು ಬಾಗಿಸಿ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಮೇಲೆ ಬೀಳಿಸುವ ಕೆಲಸದ ಸುಮಾರು ಮೂರನೇ ಎರಡು ಪಾಲನ್ನು ನಿರ್ವಹಿಸುವುದು ಇದೇ ಪೊರೆ. ಒಳಗಿನ ಮಸೂರದ ಪಾಲು ಉಳಿದದ್ದು. ಪಾರದರ್ಶಕವಾಗಿರಬೇಕಾದ್ದರಿಂದ ಇದರಲ್ಲಿ ರಕ್ತನಾಳಗಳಿಲ್ಲ, ಆದರೆ ನರತುದಿಗಳು ದೇಹದ ಬೇರೆ ಯಾವ ಭಾಗದಲ್ಲೂ ಇಲ್ಲದಷ್ಟು ದಟ್ಟವಾಗಿವೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮರಳಿನ ಕಣ ಕೂಡ ಕಣ್ಣು ತೆರೆಯಲಾಗದಷ್ಟು ನೋವು ಕೊಡುವುದು ಇದರಿಂದಲೇ. ಮೇಲ್ಪದರದ ತರಚು ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಮಾಯುತ್ತದೆ. ಗಾಯ ಅದಕ್ಕಿಂತ ಆಳಕ್ಕಿಳಿದರೆ ಕಲೆ ಉಳಿಯುತ್ತದೆ, ಮತ್ತು ಆ ಕಲೆ ನಡುಭಾಗದಲ್ಲಿದ್ದರೆ ದೃಷ್ಟಿ ಶಾಶ್ವತವಾಗಿ ಮಂಕಾಗುತ್ತದೆ.

ಕಾರ್ನಿಯಾದ ಮೇಲೆ ಕೆಲವೇ ಮೈಕ್ರೋಮೀಟರ್ ದಪ್ಪದ ಕಣ್ಣೀರಿನ ಪದರವೊಂದು ಸದಾ ಹರಡಿಕೊಂಡಿರುತ್ತದೆ. ಅದು ನಯವಾಗಿ, ಒಂದೇ ಸಮನಾಗಿ ಇರುವವರೆಗೆ ಮಾತ್ರ ನೋಟ ಸ್ಪಷ್ಟ. ಬರಿಮುಖಕ್ಕೆ ಗಾಳಿ ಬಡಿದಾಗ ಆ ಪದರ ಬೇಗ ಆವಿಯಾಗಿ ಅಲ್ಲಲ್ಲಿ ಒಡೆಯುತ್ತದೆ. ಒಣಗಿದ ಜಾಗದ ನರಗಳು ಉರಿಯನ್ನು ವರದಿ ಮಾಡುತ್ತವೆ. ಅದಕ್ಕೆ ಉತ್ತರವಾಗಿ ಕಣ್ಣೀರಿನ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಒಣಗಿದರೂ ಮಸುಕು, ತುಂಬಿದರೂ ಮಸುಕು. ಸವಾರರು ಕಣ್ಣು ಕಿರಿದು ಮಾಡಿಕೊಂಡು, ಮತ್ತೆ ಮತ್ತೆ ರೆಪ್ಪೆ ಬಡಿಯುತ್ತ ಮುಂದುವರಿಯುತ್ತಾರೆ, ಮತ್ತು ಹಾಗೆ ಮಾಡುವಾಗ ರಸ್ತೆಯ ಅಂಚಿನಲ್ಲಿ ಏನು ಚಲಿಸುತ್ತಿದೆ ಎಂಬುದು ಅವರಿಗೆ ತಡವಾಗಿ ತಿಳಿಯುತ್ತದೆ. ಇದು ಕೇವಲ ಊಹೆಯಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಪಘಾತಕ್ಕೊಳಗಾದ ಸವಾರರಲ್ಲಿ ಶೇಕಡಾ 73 ಮಂದಿ ಕಣ್ಣಿಗೆ ಯಾವ ರಕ್ಷಣೆಯನ್ನೂ ಧರಿಸಿರಲಿಲ್ಲ. ಗಾಳಿಯಿಂದ ನೋಟ ಕೆಟ್ಟು ಅಪಾಯವನ್ನು ಗುರುತಿಸುವುದು ತಡವಾಗಿರುವ ಸಾಧ್ಯತೆ ಹೆಚ್ಚು ಎಂದು ಆ ವರದಿ ಹೇಳಿತು. ಕಣ್ಣಿನ ರಕ್ಷಣೆಯೆಂದರೆ ಕಣ್ಣನ್ನು ಗಾಯದಿಂದ ಉಳಿಸುವುದಷ್ಟೇ ಎಂದು ತಿಳಿದವರಿಗೆ ಈ ಸಾಲು ಬೇರೆಯೇ ದಾರಿ ತೋರುತ್ತದೆ: ಅಪಘಾತ ನಡೆಯದಂತೆ ತಡೆಯುವ ಸಾಧನಗಳ ಸಾಲಿನಲ್ಲಿ ಬ್ರೇಕಿನ ಪಕ್ಕದಲ್ಲಿ ವೈಸರನ್ನೂ ಇಡಬೇಕು.

ಇನ್ನು ಪೆಟ್ಟಿನ ಲೆಕ್ಕಕ್ಕೆ ಬರೋಣ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ವೇಗ ಇಮ್ಮಡಿಯಾದರೆ ಪೆಟ್ಟು ನಾಲ್ಕು ಪಟ್ಟಾಗುತ್ತದೆ. ಎದುರಿನ ಲಾರಿಯ ಚಕ್ರದಿಂದ ಸಿಡಿದ ಎರಡು ಗ್ರಾಂ ತೂಕದ ಜಲ್ಲಿಚೂರು ಸವಾರರ ಕಡೆಗೆ, ಇಬ್ಬರ ವೇಗವೂ ಕೂಡಿ, ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬಂದರೆ ಅದು ಹೊತ್ತಿರುವ ಶಕ್ತಿ ಸುಮಾರು ಒಂದೂವರೆ ಜೂಲ್. ಸಂಖ್ಯೆ ಚಿಕ್ಕದಾಗಿ ಕಾಣಬಹುದು, ಆದರೆ ಅದಷ್ಟೂ ಕೆಲವೇ ಚದರ ಮಿಲಿಮೀಟರುಗಳ ಮೇಲೆ ಇಳಿಯುತ್ತದೆ ಎಂಬುದನ್ನು ಮರೆಯಬಾರದು. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಇಸಿಇ 22.06 ನಿಯಮದ ಪರೀಕ್ಷೆಯಲ್ಲಿ ಆರು ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಸೆಕೆಂಡಿಗೆ 60 ಮೀಟರ್, ಅಂದರೆ ಗಂಟೆಗೆ 216 ಕಿಲೋಮೀಟರ್ ವೇಗದಲ್ಲಿ ವೈಸರಿಗೆ ಹೊಡೆಯುತ್ತಾರೆ. ಒಂದು ಗ್ರಾಂಗೂ ಕಡಿಮೆ ತೂಗುವ ಆ ಗುಂಡಿನ ಶಕ್ತಿಯೂ ಹೆಚ್ಚುಕಡಿಮೆ ಒಂದೂವರೆ ಜೂಲೇ ಆಗುತ್ತದೆ. ಪ್ರಯೋಗಾಲಯದ ಪೆಟ್ಟು ರಸ್ತೆಯ ಪೆಟ್ಟಿನಿಂದ ಬಹಳ ದೂರವಿಲ್ಲ ಎಂಬುದಕ್ಕೆ ಈ ಹೋಲಿಕೆ ಸಾಕು.

ಇಂಥ ಪೆಟ್ಟನ್ನು ಎರಡು ಮಿಲಿಮೀಟರಿನಷ್ಟು ತೆಳುವಾದ ಹಾಳೆ ತಾಳಿಕೊಳ್ಳುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನಿಂದಾಗಿ. 1953ರಲ್ಲಿ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ಮತ್ತು ಜನರಲ್ ಎಲೆಕ್ಟ್ರಿಕ್ ಕಂಪನಿಯ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ಅರಿಯದೆ ಇದನ್ನು ತಯಾರಿಸಿದರು. ಗಾಜು ಪೆಟ್ಟು ಬಿದ್ದಾಗ ಬಾಗಲಾರದೆ ಒಡೆದು ಚೂರಾಗುತ್ತದೆ. ಪಾಲಿಕಾರ್ಬೊನೇಟಿನ ಉದ್ದನೆಯ ಅಣುಸರಪಳಿಗಳು ಒಂದರ ಮೇಲೊಂದು ಜಾರಿ, ಹಾಳೆ ತಗ್ಗಿ, ಆ ತಗ್ಗುವಿಕೆಯಲ್ಲೇ ಶಕ್ತಿ ಕರಗಿಹೋಗುತ್ತದೆ. ತೂಕದಲ್ಲಿ ಇದು ಗಾಜಿನ ಅರ್ಧದಷ್ಟೂ ಇಲ್ಲ, ಮತ್ತು ಸೂರ್ಯನ ಅತಿನೇರಳೆ ಕಿರಣಗಳನ್ನು ಸಹಜವಾಗಿಯೇ ಬಹುಪಾಲು ಹೀರಿಕೊಳ್ಳುತ್ತದೆ. ಪೂರ್ತಿ ಬಣ್ಣರಹಿತವಾದ ವೈಸರ್ ಕೂಡ ಈ ಕೆಲಸ ಮಾಡುತ್ತದೆ.

ಆದರೆ ಬಾಗಿ ಬದುಕುವ ಈ ಗುಣಕ್ಕೆ ತೆರಬೇಕಾದ ಬೆಲೆಯಿದೆ: ಮೇಲ್ಮೈ ಮೃದುವಾದ್ದರಿಂದ ಬೇಗ ಗೀರು ಬೀಳುತ್ತದೆ. ತಯಾರಕರು ಗಟ್ಟಿ ಲೇಪನ ಹಚ್ಚುತ್ತಾರಾದರೂ ಅದು ತೀರಾ ತೆಳು. ದೂಳು ಕುಳಿತ ವೈಸರನ್ನು ಅಂಗಿಯ ತೋಳಿನಿಂದ ಒಣಗಿದ್ದಂತೆಯೇ ಒರೆಸುವವರು ಅದರ ಮೇಲಿನ ಮರಳಿನ ಕಣಗಳಿಂದಲೇ ಅದನ್ನು ಉಜ್ಜುತ್ತಿರುತ್ತಾರೆ. ಹಗಲಿನಲ್ಲಿ ಇದರ ಪರಿಣಾಮ ಅಷ್ಟಾಗಿ ಗೊತ್ತಾಗುವುದಿಲ್ಲ. ಹಳೆಯ ವೈಸರ್ ಧರಿಸಿ ರಾತ್ರಿ ದೂರದ ಒಂಟಿ ದೀಪವೊಂದನ್ನು ನೋಡಿದರೆ ದೀಪದಿಂದ ಎರಡೂ ಬದಿಗೆ ಬೆಳಕಿನ ಗೆರೆಯೊಂದು ಚಾಚಿಕೊಂಡಿರುವುದು ಕಾಣುತ್ತದೆ. ಆ ಗೆರೆ ಗೀರುಗಳ ದಿಕ್ಕಿಗೆ ಲಂಬವಾಗಿರುತ್ತದೆ: ಮೇಲಿನಿಂದ ಕೆಳಕ್ಕೆ ಒರೆಸಿ ಬಿದ್ದ ಗೀರುಗಳು ಬೆಳಕನ್ನು ಎಡಬಲಕ್ಕೆ ಎಳೆಯುತ್ತವೆ, ಅಡ್ಡಡ್ಡ ಒರೆಸಿದ್ದು ಮೇಲೆ ಕೆಳಗೆ ಎಳೆಯುತ್ತದೆ, ಸುತ್ತುಸುತ್ತಾಗಿ ಒರೆಸಿದ್ದಾದರೆ ದೀಪದ ಸುತ್ತ ಉಂಗುರದಂಥ ಹೊಳಪು ಮೂಡುತ್ತದೆ. ಎದುರಿನ ವಾಹನದ ಹೆಡ್‌ಲೈಟ್ ಬಿದ್ದಾಗ ಹೀಗೆ ಚದುರಿದ ಬೆಳಕು ಇಡೀ ನೋಟದ ಮೇಲೆ ಬಿಳಿಯ ತೆರೆಯನ್ನು ಹಾಸಿ, ಅದರ ಹಿಂದಿರುವ ಪಾದಚಾರಿಯನ್ನೋ ಗುಂಡಿಯನ್ನೋ ಅಳಿಸಿಬಿಡುತ್ತದೆ. ರಾತ್ರಿ ಎದುರು ದೀಪಗಳ ಕಾಟ ಹೆಚ್ಚಾಗಿದೆ ಎಂದು ದೂರುವ ಸವಾರರು ಮೊದಲು ತಮ್ಮ ವೈಸರನ್ನು ಹೀಗೊಮ್ಮೆ ಪರೀಕ್ಷಿಸಿಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ಗೀರು ಬಿದ್ದದ್ದಕ್ಕೆ ವೈಸರ್ ಬದಲಿಸುವುದೊಂದೇ ಪರಿಹಾರ.

ತೊಳೆಯುವ ಕ್ರಮ ಸರಳವಾದದ್ದು. ಒದ್ದೆ ಬಟ್ಟೆಯನ್ನು ಕೆಲವು ನಿಮಿಷ ಮೇಲೆ ಹಾಸಿಟ್ಟರೆ ಒಣಗಿ ಅಂಟಿದ ಹುಳುಗಳು ನೆನೆದು ಬಿಡುತ್ತವೆ. ಆಮೇಲೆ ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು ಮತ್ತು ಮೆತ್ತನೆಯ ಬಟ್ಟೆ ಸಾಕು. ಪೆಟ್ರೋಲ್, ಥಿನ್ನರ್, ಅಮೋನಿಯಾ ಇರುವ ಗಾಜು ಶುಚಿಗೊಳಿಸುವ ದ್ರವಗಳನ್ನು ಹತ್ತಿರವೂ ಸುಳಿಯಗೊಡಬಾರದು. ಅವು ಪಾಲಿಕಾರ್ಬೊನೇಟಿನಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಹುಟ್ಟಿಸುತ್ತವೆ, ಹಾಗೆ ಬಿರುಕುಬಿಟ್ಟ ಹಾಳೆ ಪೆಟ್ಟು ಬಿದ್ದಾಗ ಬಾಗುವ ಬದಲು ಮುರಿಯುತ್ತದೆ.

ಬಣ್ಣದ ವೈಸರುಗಳ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟಾದದ್ದು: ಹಗಲಿಗೆ ಸರಿ, ಸಂಜೆಯ ನಂತರ ಬೇಡ. ಕಪ್ಪು ವೈಸರ್ ಧರಿಸಿ ಹಗಲಿನಲ್ಲಿ ಸುರಂಗವೊಂದನ್ನು ಹೊಕ್ಕರೂ ಕಣ್ಣು ಹೊಂದಿಕೊಳ್ಳುವ ಕೆಲವು ಸೆಕೆಂಡು ಕುರುಡಾಗಿಯೇ ಓಡಿಸಿದಂತಾಗುತ್ತದೆ. ರಾತ್ರಿಗೆಂದು ಮಾರುವ ಹಳದಿ ಕನ್ನಡಕಗಳು ಹೆಡ್‌ಲೈಟಿನ ಕಾಟ ತಗ್ಗಿಸಿದಂತೆ ಅನ್ನಿಸಿದರೂ ಅವು ಮಾಡುವುದು ಮೊದಲೇ ಕಡಿಮೆಯಿರುವ ಬೆಳಕಿನಲ್ಲಿ ಇನ್ನಷ್ಟನ್ನು ಕಳೆಯುವ ಕೆಲಸ. ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಕನ್ನಡಕ ಧರಿಸುವವರು ಮುಚ್ಚಿದ ವೈಸರಿನ ಹಿಂದೆ ಅದು ಕಪ್ಪಾಗುವುದೇ ಇಲ್ಲವೆಂದು ಬೇಸರಪಡುವುದುಂಟು. ಅದನ್ನು ಕಪ್ಪಾಗಿಸಬೇಕಾದ ಅತಿನೇರಳೆ ಕಿರಣಗಳನ್ನು ವೈಸರ್ ಮೊದಲೇ ಹೀರಿಕೊಂಡಿರುತ್ತದೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಬಿಡುವ ಪೋಲರೈಸ್ಡ್ ತಂಪು ಕನ್ನಡಕವನ್ನು ವೈಸರಿನ ಹಿಂದೆ ಧರಿಸಿದರೆ ಹಾಳೆಯನ್ನು ಅಚ್ಚಿನಲ್ಲಿ ಬಾಗಿಸುವಾಗ ಒಳಗೆ ಉಳಿದ ಒತ್ತಡಗಳು ಕಾಮನಬಿಲ್ಲಿನ ಬಣ್ಣದ ಪಟ್ಟೆಗಳಾಗಿ ತೋರುತ್ತವೆ, ಕೆಲವು ಡಿಜಿಟಲ್ ಮೀಟರುಗಳ ಪರದೆಯೂ ಕಪ್ಪಾಗುತ್ತದೆ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದು: ಒದ್ದೆ ರಸ್ತೆಯ ಹೊಳಪನ್ನು ಪೋಲರೈಸ್ಡ್ ಗಾಜು ಅಳಿಸುವುದರಿಂದ, ನೆಲ ಜಾರುತ್ತದೆ ಎಂದು ಎಚ್ಚರಿಸುವ ಗುರುತೂ ಅದರ ಜೊತೆಗೆ ಹೋಗುತ್ತದೆ.

ಮಳೆ ಮತ್ತು ಚಳಿಯಲ್ಲಿ ವೈಸರಿನ ದೊಡ್ಡ ಶತ್ರು ಸವಾರರದೇ ಉಸಿರು. ಹೊರಬಿಡುವ ಗಾಳಿ ಸುಮಾರು 34 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ, ತೇವಾಂಶದಿಂದ ತುಂಬಿರುತ್ತದೆ. ಹೊರಗಿನ ಗಾಳಿಯಿಂದ ತಣ್ಣಗಾದ ಹಾಳೆಗೆ ತಾಗಿದೊಡನೆ ಆ ತೇವ ಸೂಕ್ಷ್ಮ ಹನಿಗಳಾಗಿ ಕೂರುತ್ತದೆ. ಪ್ರತಿಯೊಂದು ಹನಿಯೂ ಬೆಳಕನ್ನು ಚದುರಿಸುವುದರಿಂದ ನೋಟ ಬೆಳ್ಳಗಾಗುತ್ತದೆ. ಮಂಜು ಕಟ್ಟದಂತೆ ತಡೆಯುವ ಲೇಪನಗಳು ನೀರನ್ನು ಓಡಿಸುವುದಿಲ್ಲ. ನೀರು ಹನಿಗಟ್ಟದೆ ತೆಳು ಹಾಳೆಯಾಗಿ ಹರಡುವಂತೆ ಮಾಡಿ ಬೆಳಕಿಗೆ ನೇರ ದಾರಿ ಬಿಡುತ್ತವೆ. ಪಿನ್‌ಲಾಕ್ ಮಾದರಿಯ ಜೋಡಿ ಹಾಳೆಯಲ್ಲಿ ವೈಸರಿನ ಒಳಗೆ ಇನ್ನೊಂದು ತೆಳು ಮಸೂರವನ್ನು ಸಿಲಿಕೋನ್ ಅಂಚಿನಿಂದ ಕೂರಿಸಿರುತ್ತಾರೆ. ನಡುವೆ ಸಿಕ್ಕಿಕೊಂಡ ಒಣ ಗಾಳಿ ಶಾಖವನ್ನು ತಡೆಯುವುದರಿಂದ ಒಳಹಾಳೆ ತಣ್ಣಗಾಗುವುದಿಲ್ಲ, ಅದು ಸ್ವಲ್ಪ ತೇವವನ್ನು ಹೀರಿಕೊಳ್ಳಲೂ ಬಲ್ಲದು. ಇದ್ಯಾವುದೂ ಇಲ್ಲದವರು ವೈಸರನ್ನು ಬೆರಳ ಅಗಲ ತೆರೆದು ಓಡಿಸುವುದು ಅನಿವಾರ್ಯ. ಪೂರ್ತಿ ಮೇಲೆತ್ತಿ ಓಡಿಸುವುದು ಮಾತ್ರ ಇಷ್ಟು ಹೊತ್ತು ಹೇಳಿದ ಎಲ್ಲ ಅಪಾಯಗಳನ್ನೂ ಒಮ್ಮೆಗೇ ಆಹ್ವಾನಿಸಿದಂತೆ.

ಕಣ್ಣಿನಿಂದ ಕೆಳಗಿಳಿದರೆ ಮುಖದ ಮೂಳೆಗಳು. ಜರ್ಮನಿಯ ಹ್ಯಾನೋವರಿನ ಅಪಘಾತ ಸಂಶೋಧಕ ಡೀಟ್‌ಮಾರ್ ಓಟ್ಟೆ ಅಪಘಾತಗಳಲ್ಲಿ ಹೆಲ್ಮೆಟ್ಟಿನ ಯಾವ ಭಾಗಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಎಂದು ಗುರುತಿಸಿದಾಗ, ಮೂರನೇ ಒಂದು ಭಾಗಕ್ಕೂ ತುಸು ಹೆಚ್ಚು ಪೆಟ್ಟುಗಳು ಗದ್ದದ ಭಾಗದಲ್ಲಿ ಕಂಡುಬಂದವು. ಹಾಫ್ ಹೆಲ್ಮೆಟ್ ಮತ್ತು ಮುಖ ತೆರೆದ ಹೆಲ್ಮೆಟ್ಟುಗಳಲ್ಲಿ ಅಲ್ಲಿ ಏನೂ ಇಲ್ಲ. ಕೆಳದವಡೆಗೆ ಬಿದ್ದ ಪೆಟ್ಟು ದವಡೆಯಲ್ಲೇ ನಿಲ್ಲದೆ, ಅದರ ಕೀಲುಗಳ ಮೂಲಕ ತಲೆಬುರುಡೆಯ ತಳಕ್ಕೂ ದಾಟಬಹುದು. ಕಣ್ಣುಗುಡ್ಡೆ ಕೂತಿರುವ ಗುಳಿಯ ತಳದ ಮೂಳೆಯಂತೂ ಅಲ್ಲಲ್ಲಿ ಒಂದು ಮಿಲಿಮೀಟರಿಗಿಂತ ತೆಳು. ಮುಂದಿನಿಂದ ಬಲವಾದ ಗುದ್ದು ಬಿದ್ದರೆ ಆ ತಳ ಒಡೆದು, ಕಣ್ಣನ್ನು ತಿರುಗಿಸುವ ಸ್ನಾಯು ಬಿರುಕಿನಲ್ಲಿ ಸಿಕ್ಕಿಕೊಂಡು, ಒಂದೇ ವಸ್ತು ಎರಡಾಗಿ ಕಾಣತೊಡಗುತ್ತದೆ. ಹೆಲ್ಮೆಟ್ ಕೊಳ್ಳುವಾಗ ಇಸಿಇ ಗುರುತಿನ ಚೀಟಿಯಲ್ಲಿರುವ ಅಕ್ಷರವನ್ನು ಓದಬೇಕು. ಪಿ ಎಂದಿದ್ದರೆ ಗದ್ದದ ಮುಂದಿನ ಗಟ್ಟಿ ಪಟ್ಟಿ ಪೆಟ್ಟಿನ ಪರೀಕ್ಷೆಯಲ್ಲಿ ಗೆದ್ದಿದೆ, ಜೆ ಎಂದಿದ್ದರೆ ಆ ಪಟ್ಟಿಯೇ ಇಲ್ಲ, ಎನ್‌ಪಿ ಎಂದಿದ್ದರೆ ಪಟ್ಟಿ ಇದ್ದರೂ ಅದು ರಕ್ಷಣೆ ಕೊಡುವುದಿಲ್ಲ. ಗದ್ದದ ಭಾಗವನ್ನು ಮೇಲೆತ್ತಬಹುದಾದ ಮಾಡ್ಯುಲರ್ ಹೆಲ್ಮೆಟ್ಟುಗಳಲ್ಲಿ ಈ ಅಕ್ಷರ ಬಹಳ ಮುಖ್ಯ, ಏಕೆಂದರೆ ನೋಡಲು ಪಿ ಮತ್ತು ಎನ್‌ಪಿ ಎರಡೂ ಒಂದೇ ತೆರನಾಗಿರುತ್ತವೆ.

ಮುಖ ತೆರೆದ ಹೆಲ್ಮೆಟ್ಟನ್ನೇ ಧರಿಸುವವರಿಗೆ ಗಾಗಲ್ಸ್ ಬೇಕೇ ಬೇಕು. ದಿನಬಳಕೆಯ ಕನ್ನಡಕ ಅದರ ಬದಲಿಯಾಗಲಾರದು: ಬದಿಗಳಿಂದ ನುಗ್ಗಿದ ಗಾಳಿ ಮಸೂರದ ಹಿಂದೆ ಸುಳಿಯಾಗಿ ತಿರುಗಿ ದೂಳನ್ನು ಕಣ್ಣಿಗೇ ತಂದು ಹಾಕುತ್ತದೆ, ಮತ್ತು ಸಾಮಾನ್ಯ ಮಸೂರಗಳನ್ನು ಇಂಥ ಪೆಟ್ಟಿಗೆಂದು ಮಾಡಿರುವುದಿಲ್ಲ. ಮೋಟಾರ್‌ಸೈಕಲ್ ಸವಾರರ ಗಾಗಲ್ಸಿಗೆಂದೇ ಇಎನ್ 1938 ಎಂಬ ಯುರೋಪಿನ ಮಾನದಂಡವಿದೆ. ಅಮೆರಿಕದ ಝಡ್87 ಮಾನದಂಡದ ರಕ್ಷಣಾ ಕನ್ನಡಕಗಳಲ್ಲಿ ಆ ಗುರುತಿನ ಮುಂದೆ ಕೂಡಿಸುವ ಚಿಹ್ನೆಯಿದ್ದರೆ ಹೆಚ್ಚಿನ ಪೆಟ್ಟಿನ ಪರೀಕ್ಷೆ ದಾಟಿದೆ ಎಂದರ್ಥ. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು, ಏಕೆಂದರೆ ಲೆನ್ಸಿನ ಕೆಳಗೆ ಸೇರಿದ ಕಣ ಪ್ರತಿ ಮಿಟುಕಿಗೂ ಕಾರ್ನಿಯಾವನ್ನು ಕೆರೆಯುತ್ತದೆ.

ಇಷ್ಟಾಗಿಯೂ ಕಣ್ಣಿಗೆ ಏನಾದರೂ ಬಿದ್ದರೆ ವೇಗ ತಗ್ಗಿಸಿ ರಸ್ತೆಯ ಬದಿಗೆ ಬಂದು ನಿಲ್ಲಬೇಕು. ಒಂದೇ ಕಣ್ಣಿನಲ್ಲಿ ಓಡಿಸಿದರೆ ದೂರದ ಅಂದಾಜು ಕೆಡುತ್ತದೆ, ಒಂದು ಬದಿಯ ನೋಟವೇ ಇಲ್ಲವಾಗುತ್ತದೆ. ಕಣ್ಣನ್ನು ಉಜ್ಜದೆ, ಮಿಟುಕಿಸುತ್ತ, ಶುದ್ಧ ನೀರನ್ನು ಧಾರೆಯಾಗಿ ಹಾಯಿಸಿದರೆ ಬಹುತೇಕ ದೂಳು ಹೊರಬರುತ್ತದೆ. ನೋವೋ ಮಸುಕೋ ಉಳಿದರೆ ವೈದ್ಯರಲ್ಲಿಗೆ ಹೋಗಲೇಬೇಕು. ಅವರು ಹಾಕುವ ಫ್ಲೋರೆಸಿನ್ ಎಂಬ ಬಣ್ಣ ತರಚಿದ ಜಾಗದಲ್ಲಿ ಮಾತ್ರ ನಿಂತು ನೀಲಿ ಬೆಳಕಿನಡಿ ಹಸಿರಾಗಿ ಹೊಳೆದು ಗಾಯದ ಆಕಾರವನ್ನು ತೋರಿಸುತ್ತದೆ. ಕಬ್ಬಿಣದ ಚೂರಾದರೆ ತಡಮಾಡುವಂತಿಲ್ಲ, ಅದು ಕಾರ್ನಿಯಾದಲ್ಲೇ ತುಕ್ಕು ಹಿಡಿದು ಸುತ್ತಲೂ ಕಂದು ಉಂಗುರ ಬಿಡುತ್ತದೆ. ಏನಾದರೂ ಕಣ್ಣಿಗೆ ಚುಚ್ಚಿಕೊಂಡು ನಿಂತಿದ್ದರೆ ಅದನ್ನು ಕೀಳಲು ಹೋಗಬಾರದು, ನೀರನ್ನೂ ಹಾಕಬಾರದು. ಕಾಗದದ ಲೋಟದಂಥದ್ದನ್ನು ಕಣ್ಣಿಗೆ ತಾಗದಂತೆ, ಸುತ್ತಲಿನ ಮೂಳೆಯ ಮೇಲೆ ಮಾತ್ರ ಊರುವಂತೆ ಕವುಚಿ, ಬೇರೆಯವರ ವಾಹನದಲ್ಲಿ ಆಸ್ಪತ್ರೆ ಸೇರಬೇಕು.